ಬಾತುಗಳ ತವರುಕೆರೆ

ಮಾಗಡಿ ಕೆರೆಯ ದಂಡೆ

ಚಳಿಗಾಲದಲ್ಲಿ ನಮ್ಮಣ್ಣ ಬಸಣ್ಣ ಕೂಗದೆ ಶಿರಹಟ್ಟಿ ಸೀಮೆಯ ನಮ್ಮ ಮಾಗಡಿಯಲ್ಲಿ ಬೆಳಕು ಹರಿಯುವುದಿಲ್ಲ. ಕೆರೆಗೆ ಅಂಟಿಕೊಂಡೇ ಅವನ ಎರೆ ಹೊಲ, ಹೊಲದಲ್ಲಿ ಕಡಲೆ. ಕಡಲೆ ಎಳೆಯದಾಗಿರುವ ಹೊತ್ತಿಗೆ ಸರಿಯಾಗಿ ಹಿಮಾಲಯ ದಾಟಿ ಬಂದಿಳಿಯುತ್ತವೆ ಪಟ್ಟೆತಲೆ ಹೆಬ್ಬಾತುಗಳು. ಬೂದು ಮೈ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಗೆರೆ, ಬೀಗರ ಮನೆಗೆ ಬಂದವರ ಹಾಗೆ ಗತ್ತಿನ ನಡಿಗೆ. ಹಗಲೆಲ್ಲ ಕೆರೆಯಲ್ಲಿ ನಿದ್ದೆ, ನಸುಕಿನಲ್ಲಿ ಅಣ್ಣನ ಹೊಲದಲ್ಲಿ ಊಟ. ಕ್ಯಾಮೆರಾ ಹಿಡಿದು ಗದಗಿನಿಂದ, ಹುಬ್ಬಳ್ಳಿಯಿಂದ ಬಂದವರು ಎಷ್ಟು ಚಂದ ಎನ್ನುತ್ತಿರುವಾಗಲೇ ಬಸಣ್ಣ ದಂಡೆಯ ಮೇಲೆ ನಿಂತು "ಹೋ... ಹೋ ಹೋ" ಎಂದು ಎಲ್ಲವನ್ನೂ ಎಬ್ಬಿಸಿಬಿಡುತ್ತಾನೆ. ಸಣ್ಣವಳಿದ್ದಾಗ ಹೊಲದ ಅಟ್ಟದ ಮೇಲೆ ಅವನ ಪಕ್ಕ ನಿಂತು ನಾನೂ ಆ ಕೂಗು ಕಲಿತೆ. ಈಗ ಬೆಟಗೇರಿಯಲ್ಲಿ ಖಾನಾವಳಿ ನಡೆಸುತ್ತೇನೆ. ಹಕ್ಕಿಗಳಿಲ್ಲ, ಕೆಲಸದವರ ಮೇಲೆ ಕೂಗುತ್ತೇನೆ.

ನಮ್ಮ ಕೆರೆ ಹಳೆಯದು. ಯಾವುದೋ ಅರಸು ಕಟ್ಟಿಸಿದನೆಂದು ಅಜ್ಜ ಹೇಳುತ್ತಿದ್ದ, ಯಾವ ಅರಸು ಎಂದು ಕೇಳಿದರೆ ಸಿಟ್ಟಾಗುತ್ತಿದ್ದ. ಬೇಸಿಗೆಯಲ್ಲಿ ನೀರು ಇಳಿದಾಗ ಹಿರಿಯರು ಹೂಳು ತೆಗೆದು ಹೊಲಕ್ಕೆ ಹಾಕಿಕೊಳ್ಳುತ್ತಿದ್ದರು, ಹಾಗಾಗಿ ಅರ್ಧ ಕೆರೆ ನಮ್ಮ ಹೊಲದಲ್ಲೇ ಇದೆ. ಬಾತುಗಳಿಗೆ ಬೇಕಾದದ್ದೂ ಇಷ್ಟೇ: ಆಳವಿಲ್ಲದ ನೀರು, ಮರಗಿಡ ಅಡ್ಡ ಬಾರದ ಬಯಲು ದಂಡೆ, ಪಕ್ಕದಲ್ಲಿ ಎಳೆ ಪೈರು.

ಅಣ್ಣನ ಒಬ್ಬಳೇ ಮಗಳು ಗೌರಿ ಪಶುವೈದ್ಯಕೀಯ ಓದಿದಳು. ಊರಿನ ಎಮ್ಮೆಗಳನ್ನು ನೋಡಿಕೊಂಡಿರುತ್ತಾಳೆ ಎಂದು ಎಲ್ಲರೂ ಅಂದುಕೊಂಡರೆ, ಅವಳು ಹೋಗಿ ಸೇರಿದ್ದು ಮಂಗೋಲಿಯಾದಲ್ಲಿ ಇದೇ ಬಾತುಗಳ ಬೆನ್ನು ಹತ್ತಿದ ಒಂದು ತಂಡವನ್ನು. ಹಕ್ಕಿ ಹಿಡಿದು, ಕೊರಳಿಗೆ ಹಗುರವಾದ ಪಟ್ಟಿ ಹಾಕಿ ಬಿಡುವುದು, ಅವು ಎಲ್ಲೆಲ್ಲಿ ಹೋಗುತ್ತವೆ ಎಂದು ನೋಡುವುದು ಅವರ ಕೆಲಸ. ತನ್ನ ಹೊಲ ಮೇಯುವ ಹಕ್ಕಿಯ ಕೊರಳಿಗೆ ತನ್ನ ಮಗಳೇ ಆಭರಣ ಹಾಕುತ್ತಾಳೆ ಎಂದು ಅಣ್ಣ ಕೆಂಡವಾದ. ಅಲ್ಲಿಂದ ಮುಂದೆ ಅಪ್ಪ ಮಗಳ ನಡುವೆ ಫೋನಿನಲ್ಲಿ ಮಳೆಯ ಸುದ್ದಿ ಬಿಟ್ಟು ಬೇರೆ ಮಾತಿರಲಿಲ್ಲ. ಈ ಬೇಸಿಗೆಯಲ್ಲಿ ಅವಳೇ ಕರೆದಳು, ಒಮ್ಮೆ ಬಂದು ನೋಡಿ ಹೋಗಿರಿ ಎಂದು. ಅಣ್ಣ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ನನ್ನ ಖಾನಾವಳಿಗೆ ಬಂದು ಕೂತ.

"ಪ್ರತಿ ವರ್ಷ ಅವು ನಮ್ಮ ಮನಿಗೆ ಉಣ್ಣಾಕ ಬರ್ತಾವು. ಒಮ್ಮೆ ನಾವೂ ಅವುಗಳ ಮನಿ ನೋಡಿ ಬರೂಣು ನಡಿ, ತಂಗೆವ್ವ."

ಅತ್ತಿಗೆಗೆ ವಿಮಾನವೆಂದರೆ ಜೀವಭಯ. ಹೀಗಾಗಿ ಅಣ್ಣನ ಜೊತೆ ನಾನು ಹೊರಟೆ.

ಉಲಾನ್‌ಬಾತರ್

ಕಟಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ ಕಟ್ಟಿಕೊಂಡು ಹೋಗಿದ್ದೆ. ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಗುರೆಳ್ಳಿನ ಕಪ್ಪು ಪುಡಿಯನ್ನು ಬಂದೂಕಿನ ಮದ್ದು ನೋಡುವ ಹಾಗೆ ನೋಡಿದ. ನಾನು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವನೂ ರುಚಿ ನೋಡಿ ಕೆಮ್ಮುತ್ತಲೇ ಬಿಟ್ಟುಕೊಟ್ಟ. ಹೋಟೆಲಿನಲ್ಲಿ ಮಾಂಸ ಬೇಡ ಎಂದು ಕೈಸನ್ನೆ ಮಾಡಿ ಹೇಳಿದರೆ, ಅಡುಗೆಯವಳು ಸಾರಿನೊಳಗಿನ ಮಾಂಸದ ಚೂರುಗಳನ್ನು ಅಚ್ಚುಕಟ್ಟಾಗಿ ಹೆಕ್ಕಿ ತೆಗೆದು ಅದೇ ಸಾರನ್ನು ತಂದಿಟ್ಟಳು. ಊಟ ಬಡಿಸುವ ಕಸುಬಿನವಳಾಗಿ ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅಣ್ಣ ಮಾತ್ರ ಎದ್ದು ಹೋಗಿ ರೊಟ್ಟಿ ಮುರಿದ.

ಗೌರಿ ಬಂದಳು. ಬಿಸಿಲಿಗೆ ಮುಖ ಸುಟ್ಟಿತ್ತು, ಕೈ ಒರಟಾಗಿತ್ತು. ಅಪ್ಪನ ಕಾಲಿಗೆ ಬಿದ್ದಳು, ಅವನು ತಲೆ ಮುಟ್ಟಿದ, ಅಷ್ಟಕ್ಕೇ ಇಬ್ಬರ ಮಾತೂ ಮುಗಿದುಹೋಯಿತು. ಉಳಿದದ್ದನ್ನೆಲ್ಲ ಅವಳು ನನಗೆ ಹೇಳಿದಳು. ನಮ್ಮಲ್ಲಿ ಮಳೆಗಾಲ ಇರುವಾಗ ಅಲ್ಲಿ ಬೇಸಿಗೆ, ಅದರ ನಡುವಿನ ಕೆಲವು ವಾರ ಬಾತುಗಳ ರೆಕ್ಕೆಗರಿ ಉದುರಿ ಹೊಸತು ಮೊಳೆಯುತ್ತದೆ, ಆಗ ಅವಕ್ಕೆ ಹಾರಲು ಬರುವುದಿಲ್ಲ, ಹಿಡಿಯುವುದಿದ್ದರೆ ಆಗಲೇ. ಹೋದ ಬೇಸಿಗೆಯಲ್ಲಿ ಗಾಳಿ ಎದ್ದು ಒಂದೂ ಸಿಕ್ಕಿರಲಿಲ್ಲ. ಈ ಸಲವೂ ಹಾಗಾದರೆ ತಂಡ ತಾನು ಹಕ್ಕಿ ಹಿಡಿಯುವ ಸರೋವರವನ್ನೇ ಕೈಬಿಡುತ್ತದೆ, ಅವಳ ಕೆಲಸವೂ ಅಲ್ಲಿಗೆ ಮುಗಿಯುತ್ತದೆ. ಇದನ್ನು ಹೇಳುವಾಗ ಅವಳು ಅಪ್ಪನ ಕಡೆ ನೋಡಲಿಲ್ಲ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ, ಆದರೆ ಕಿವಿ ಇತ್ತ ಕಡೆಗೇ ಇತ್ತು.

ಹುಲ್ಲಿನ ದಾರಿ

ಊರು ಮುಗಿದ ಸ್ವಲ್ಪ ಹೊತ್ತಿಗೆ ರಸ್ತೆಯೂ ಮುಗಿಯಿತು. ಮುಂದೆ ಹುಲ್ಲಿನ ಮೇಲೆ ಚಕ್ರದ ಗುರುತುಗಳು, ಒಂದು ಆ ಗುಡ್ಡದ ಕಡೆಗೆ, ಒಂದು ಈ ಗುಡ್ಡದ ಕಡೆಗೆ. ನಮ್ಮ ಹಳೆಯ ರಷ್ಯನ್ ವ್ಯಾನಿನ ಚಾಲಕ ಯಾವುದನ್ನೂ ಹಿಡಿಯದೆ ನಡುವೆ ನುಗ್ಗಿಸಿದ. ಮುಳಗುಂದದಿಂದ ಗದಗಿಗೆ ಬರುವ ದಾರಿಯಲ್ಲಿ ಒಂದು ತಗ್ಗು ಬಂದರೆ ಇಡೀ ಬಸ್ಸು ಗೊಣಗುತ್ತದೆ. ಇಲ್ಲಿ ತಲೆ ಮೇಲಿನ ತಗಡಿಗೆ ಬಡಿದರೂ ಯಾರೂ ಚಕಾರ ಎತ್ತಲಿಲ್ಲ.

ಒಂದು ಹಳ್ಳ ದಾಟುವಾಗ ವ್ಯಾನು ನಡುನೀರಿನಲ್ಲಿ ನಿಂತಿತು. ನೀರು ಬಾಗಿಲ ಸಂದಿಯಿಂದ ಒಳಗೆ ಬಂದು ನನ್ನ ಚಪ್ಪಲಿ ತೇಲಾಡಿದವು. ಚಾಲಕ ಸಿಗರೇಟು ಹಚ್ಚಿ, ಅದನ್ನು ಪೂರ್ತಿ ಸೇದಿ, ಆಮೇಲೆ ಇಳಿದು ಎಂಜಿನ್ನಿಗೆ ಏನೋ ಮಾಡಿದ. ಅಷ್ಟು ಹೊತ್ತು ನಾನು ಮಲ್ಲಯ್ಯ, ವೀರಭದ್ರ, ಯಲ್ಲಮ್ಮ ಎಲ್ಲರನ್ನೂ ಕರೆದೆ. ಅಣ್ಣ ಮಾತ್ರ ದಿಕ್ಕು ದಿಕ್ಕಿಗೆ ನೋಡುತ್ತ, ಇಷ್ಟು ಭೂಮಿಯಲ್ಲಿ ಒಬ್ಬರೂ ಒಂದು ಸಾಲು ಬಿತ್ತಿಲ್ಲವಲ್ಲ ಎಂದು ಮರುಗುತ್ತಿದ್ದ.

ಸರೋವರ

ಸಣ್ಣ ಸರೋವರ. ಸುತ್ತ ಬೋಳು ಗುಡ್ಡ, ನಡುವೆ ತಟ್ಟೆಯಲ್ಲಿ ಇಟ್ಟ ಹಾಗೆ ನೀರು, ನೀರಿನ ಅಂಚಿಗೆ ಬೆಳ್ಳಗೆ ಉಪ್ಪಿನ ಬಯಲು. ಒಡ್ಡಿಲ್ಲ, ತೂಬಿಲ್ಲ, ಯಾರೂ ಕಟ್ಟಿದ್ದಲ್ಲ. ಗುಡ್ಡದ ಹಿಮ ಕರಗಿ ಬಂದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಇಲ್ಲೇ ನಿಂತು, ಆರಿ, ಉಪ್ಪು ಬಿಡುತ್ತದೆ. ನಡುವಿನ ಪುಟ್ಟ ನಡುಗಡ್ಡೆಯಲ್ಲಿ ಬಾತುಗಳು ಗೂಡು ಮಾಡುತ್ತವೆ, ನರಿ ಅಲ್ಲಿಗೆ ಈಜಿ ಹೋಗುವುದಿಲ್ಲವಂತೆ. ಒಂದು ಮಗ್ಗುಲಿಗೆ ಸಿಹಿನೀರಿನ ಒರತೆ ಇದೆ, ಅದರ ಸುತ್ತ ಹಸಿರು ಹುಲ್ಲು, ಹುಲ್ಲಿನ ತುಂಬ ತಾಯಿ ಬಾತುಗಳ ಹಿಂದೆ ಹಳದಿ ಮರಿಗಳು. ನಮ್ಮ ಹೊಲದಲ್ಲಿ ಕಳ್ಳರ ಹಾಗೆ ಕಂಡವು ಇಲ್ಲಿ ಸಂಸಾರವಂದಿಗರಾಗಿದ್ದವು. ಅಣ್ಣ ಬಹಳ ಹೊತ್ತು ನೋಡಿದ. ಬೈಯಲಿಲ್ಲ.

ದಂಡೆಯ ಮೇಲಿನ ಗುಂಡನೆಯ ಗುಡಾರ ಒಯುನ್ ಎಂಬ ಹೆಂಗಸಿನದು. ನನ್ನ ವಯಸ್ಸಿನವಳು, ಅಗಲ ಮುಖ, ಕಡಿಮೆ ಮಾತು. ಕುರಿ ಸಾಕುತ್ತಾಳೆ, ತಂಡದವರಿಗೆ ಅಡುಗೆಯನ್ನೂ ಮಾಡುತ್ತಾಳೆ. ಹೊಸ್ತಿಲು ತುಳಿಯಬಾರದು ಎಂದು ಗೌರಿ ಮೊದಲೇ ಎಚ್ಚರಿಸಿದಳು. ನಮಗೇನು ಅದು ಹೊಸದೇ? ಹಾಲು ಕಾಯಿಸಿದ ಮೇಲೆ ಒಯುನ್ ಹೊರಗೆ ಹೋಗಿ ಮೊದಲ ಸೌಟನ್ನು ನಾಲ್ಕೂ ದಿಕ್ಕಿಗೆ ಚಿಮ್ಮಿಸಿದಾಗ ನಾನೂ ಅಣ್ಣನೂ ಮುಖ ಮುಖ ನೋಡಿಕೊಂಡೆವು, ಹೊಲದಲ್ಲಿ ನಾವು ಭೂತಾಯಿಗೆ ಎಡೆಯ ಚರಗ ಚೆಲ್ಲುವುದೂ ಹೀಗೇ. ಆದರೆ ಅದೇ ಹಾಲಿನ ಚಹಾಕ್ಕೆ ಅವಳು ಉಪ್ಪು ಹಾಕಿದಳು. ಇಷ್ಟು ಕಾಲ ಜನರಿಗೆ ಉಣ್ಣಲಿಕ್ಕಿದ ನಾನು ಆ ಬಟ್ಟಲನ್ನು ಮುಗಿಸಲು ಪಟ್ಟ ಪಾಡು ನನಗೇ ಗೊತ್ತು.

ಸರೋವರದ ಹಿಂದಿನ ಕಥೆ ಕೇಳಿದೆವು. ಒಯುನ್‌ಳ ಅಜ್ಜಿಯ ಕಾಲದಲ್ಲಿ ಅದು ಒಮ್ಮೆ ಪೂರ್ತಿ ಒಣಗಿತ್ತಂತೆ, ಬಾತುಗಳು ಬಂದು ಒಂದು ಸುತ್ತು ಹಾಕಿ ಹೋಗಿಬಿಟ್ಟವಂತೆ. ಹಿಮ ಚೆನ್ನಾಗಿ ಬಿದ್ದ ವರ್ಷ ನೀರು ತಿರುಗಿ ಬಂತು, ಹಿಂದೆಯೇ ಅವೂ ಬಂದವು. ಈಗ ಮತ್ತೆ ವರ್ಷ ವರ್ಷಕ್ಕೆ ಬಿಳಿ ಬಯಲು ಅಗಲವಾಗುತ್ತಿದೆ. ಇಷ್ಟು ಹೇಳಿ ಅವಳು ಕುರಿಗಳತ್ತ ಎದ್ದು ಹೋದಳು.

ಮರುದಿನ ಮುಂಜಾನೆ

ಬೆಳಿಗ್ಗೆ ಗಾಳಿ ಇರಲಿಲ್ಲ. ತಂಡದವರು ಪಿಸುಮಾತಿನಲ್ಲಿ ಓಡಾಡುತ್ತಿದ್ದರು. ಸಣ್ಣ ದೋಣಿಗಳಲ್ಲಿ ನಾಲ್ಕಾರು ಜನ ಆಚೆ ದಂಡೆಯಿಂದ ಬಾತುಗಳನ್ನು ಮೆಲ್ಲಗೆ ಹೊಡೆದುಕೊಂಡು ಬರಬೇಕು. ಈಚೆ ದಂಡೆಯಲ್ಲಿ ಬಲೆಯ ಎರಡು ತೋಳು ಚಾಚಿದೆ. ಹಿಂಡು ಅದರೊಳಗೆ ತಾನಾಗಿ ಏರಿ ಬರಬೇಕು. ಒಂದು ಕೆಮ್ಮು, ಒಂದು ಕೂಗು ಕೇಳಿದರೂ ನಡುನೀರಿಗೆ ತಿರುಗುತ್ತವೆ, ಆಮೇಲೆ ಈ ವರ್ಷ ದಂಡೆಗೆ ನಂಬಿ ಬರುವುದಿಲ್ಲ. ಗೌರಿ ಬಲೆಯ ಹತ್ತಿರ ಬೋರಲು ಮಲಗುವವಳು. ನಮ್ಮಿಬ್ಬರನ್ನು ದೂರದ ದಿಬ್ಬದ ಹಿಂದೆ ಕೂರಿಸಿ ಹೋದಳು. ಅಣ್ಣ ನನ್ನ ಕಡೆ ತಿರುಗಿ, ಮಗಳ ಕೆಲಸ ಮುಗಿಯುವವರೆಗೆ ಬಾಯಿ ತೆರೆದೀಯಾ ಎಂದು ಗದರಿಸಿದ. ಬಾಯಿ ತೆರೆಯುವವನು ತಾನು, ಗದರಿಸುವುದು ನನ್ನನ್ನು.

ದಿಬ್ಬದ ಹಿಂದಿನಿಂದ ಬಲೆ ಕಾಣುತ್ತಿರಲಿಲ್ಲ. ಅಣ್ಣನಿಗೆ ಮಗಳ ಕೆಲಸ ನೋಡಬೇಕು. ಕತ್ತು ಚಾಚಿದ, ಮಂಡಿಯೂರಿದ, ಕೊನೆಗೆ ಬಗ್ಗಿಕೊಂಡು ಬಿಳಿ ಬಯಲಿಗೆ ಇಳಿದ. ನಾನು ಸೆರಗು ಬೀಸಿ ಕರೆದೆ. ಅವನು ನೆಲಕ್ಕೆ ಕೈ ತೋರಿಸಿದ. ನೋಡಿದೆ. ಬಯಲೆಲ್ಲ ಬಿರುಕು ಬಿಟ್ಟಿತ್ತು, ಹಪ್ಪಳ ಒಡೆದ ಹಾಗೆ. ನಮ್ಮ ಎರೆ ಮಣ್ಣು ಹಸಿಯಿದ್ದಾಗ ಕಾಲು ನುಂಗುತ್ತದೆ, ಬಿರುಕು ಬಿಟ್ಟಿತೆಂದರೆ ಕಲ್ಲು, ಎತ್ತಿನ ಗಾಡಿ ಹೋದರೂ ಕುಸಿಯದು. ನನಗೂ ಸರಿಯೆನಿಸಿತು. ನಮ್ಮ ಕಡೆಯ ಯಾರೇ ಆಗಿದ್ದರೂ ಅಲ್ಲಿ ಧೈರ್ಯವಾಗಿ ಕಾಲಿಡುತ್ತಿದ್ದರು.

ಸ್ವಲ್ಪ ದೂರ ನಡೆದ. ಆಮೇಲೆ ಒಂದು ಕಾಲು ಮೊಣಕಾಲಿನವರೆಗೆ ಹೋಯಿತು. ಅದನ್ನು ಕೀಳಲು ಇನ್ನೊಂದು ಕಾಲಿಗೆ ಭಾರ ಹಾಕಿದ, ಅದೂ ಹೋಯಿತು. ಬಿಳಿ ಹೆಪ್ಪಿನ ಕೆಳಗೆ ಕಪ್ಪು ರಾಡಿ ಬುಳಕ್ಕೆಂದು ಮೇಲೆ ಬಂತು. ನಾನು ಎದ್ದು ಓಡಿದೆ, ಬಯಲಿನ ಅಂಚಿನಲ್ಲೇ ನನ್ನ ಕಾಲೂ ಹೆಪ್ಪು ಒಡೆದು ಇಳಿಯಿತು. ಹಿಂದಕ್ಕೆ ಬಿದ್ದು, ಚಪ್ಪಲಿ ಅಲ್ಲೇ ಬಿಟ್ಟು, ಕಾಲು ಕಿತ್ತುಕೊಂಡೆ. ಮತ್ತೆ ನೋಡುವಷ್ಟರಲ್ಲಿ ಅವನು ಸೊಂಟದವರೆಗೆ ಇಳಿದಿದ್ದ.

ಅಲ್ಲಿಂದ ನನಗೆ ಸರೋವರ ಪೂರ್ತಿ ಕಾಣುತ್ತಿತ್ತು. ಬಾತುಗಳು ಬರುತ್ತಿದ್ದವು. ಬೂದು ಬಣ್ಣದ ಒಂದೇ ಹಾಸು, ಹಿಂದೆ ಸದ್ದಿಲ್ಲದ ದೋಣಿಗಳು. ಮುಂದಿನವು ಬಲೆಯ ತೋಳಿನ ನಡುವೆ ಬಂದಾಗಿತ್ತು. ಹುಲ್ಲಿನಲ್ಲಿ ಗೌರಿಯ ಕೆಂಪು ಟೋಪಿ ಅಲುಗಾಡದೆ ಇತ್ತು.

ಅಣ್ಣ ಕೂಗಲಿಲ್ಲ. ಮಾಗಡಿ ಕೆರೆಯ ಈ ದಂಡೆಯಿಂದ ಆ ದಂಡೆಗೆ ಕೇಳುವ ಗಂಟಲು ಅವನದು. ಆದರೂ ಕೂಗಲಿಲ್ಲ. ಮಗಳಿಗಾಗಿ ತಡೆದುಕೊಂಡಿದ್ದಾನೆ, ಹಕ್ಕಿ ಬಲೆಗೆ ಬೀಳಲಿ ಎಂದು ಕಾಯುತ್ತಿದ್ದಾನೆ ಎಂದುಕೊಂಡೆ. ಸಣ್ಣಂದಿನಿಂದ ಅಣ್ಣ ಹೇಳಿದಂತೆ ಕೇಳಿದವಳು, ಆಗಲೂ ಕೇಳಿದೆ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತೆ. ಇನ್ನೊಂದು ಚೂರು, ಇನ್ನೊಂದು ಚೂರು ಎಂದು ಬಾತುಗಳನ್ನು ಬೇಡಿಕೊಳ್ಳುತ್ತಿದ್ದೆ. ರಾಡಿ ಅವನ ಎದೆಗೆ ಬಂತು. ಅವನು ಮಗಳ ಕಡೆ ನೋಡುತ್ತಿರಬಹುದು ಎಂದು ನೋಡಿದರೆ, ನನ್ನನ್ನೇ ನೋಡುತ್ತಿದ್ದ. ಆ ಕಣ್ಣು ನಮ್ಮಣ್ಣನದಾಗಿರಲಿಲ್ಲ.

"ಹೋ... ಹೋ ಹೋ."

ಬೇರೆ ಯಾವ ಶಬ್ದವೂ ನನಗೆ ಬರಲಿಲ್ಲ. ಅಟ್ಟದ ಮೇಲಿನ ಅದೇ ಕೂಗು ಆ ನೀರಿನ ಮೇಲೆ ಹೋಯಿತು. ಹಿಂಡಿನ ಅಷ್ಟೂ ಕತ್ತು ಒಟ್ಟಿಗೆ ಮೇಲೆದ್ದವು. ಶಿರಹಟ್ಟಿ ಸೀಮೆಯಲ್ಲಿ ಚಳಿಗಾಲ ಕಳೆದ ಎಷ್ಟು ಬಾತುಗಳು ಅದರಲ್ಲಿದ್ದವೋ, ಅವು ಆ ಕೂಗನ್ನು ಗುರುತಿಸಿದವು ಎಂದು ನಾನು ಇವತ್ತಿಗೂ ನಂಬಿದ್ದೇನೆ. ಹಾರಲಾರದ ರೆಕ್ಕೆ ಬಡಿಯುತ್ತ, ದೋಣಿಗಳ ನಡುವೆಯೇ ನುಗ್ಗಿ, ನಡುನೀರಿಗೆ ಓಡಿದವು. ಬಲೆ ಬರಿದಾಯಿತು. ನಾನು ಕೂಗುತ್ತಲೇ ಇದ್ದೆ.

ಮೊದಲು ಬಂದವಳು ಒಯುನ್, ಕುದುರೆಯ ಮೇಲೆ. ಕೈಯಲ್ಲಿ ಉದ್ದನೆಯ ಕೋಲು, ತುದಿಗೆ ಕುಣಿಕೆ. ಓಡುವ ಕುದುರೆಗಳನ್ನು ಅವರು ಅದರಿಂದಲೇ ಹಿಡಿಯುತ್ತಾರೆ. ನೋಡಿದವಳೇ ಇಳಿದು ಜೀನಿನ ಕೆಳಗಿನ ದಪ್ಪ ಉಣ್ಣೆಯ ಹಾಸು ಎಳೆದು ಹೆಪ್ಪಿನ ಮೇಲೆ ಹಾಸಿದಳು, ತನ್ನ ಮೇಲಂಗಿ ಬಿಚ್ಚಿ ಅದರ ಮುಂದೆ ಹಾಸಿದಳು, ಬೋರಲು ಮಲಗಿ ತೆವಳಿದಳು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಕುಣಿಕೆ ಅಣ್ಣನ ಕಂಕುಳಿಗೆ ಬಿತ್ತು. ಕೋಲಿಗೆ ಹಗ್ಗ ಬೆಸೆದು ಇನ್ನೊಂದು ತುದಿಯನ್ನು ಕುದುರೆಗೆ ಕಟ್ಟಿದಳು, ಅಷ್ಟರಲ್ಲಿ ಓಡಿ ಬಂದ ತಂಡದವರೂ ಕೈ ಹಚ್ಚಿದರು. ರಾಡಿ ಅವನನ್ನು ಸುಲಭವಾಗಿ ಬಿಡಲಿಲ್ಲ. ಕೊನೆಗೆ ಪಂಚೆ ಅಲ್ಲೇ ಉಳಿದು ಅಣ್ಣನಷ್ಟೇ ಹೊರಗೆ ಬಂದ, ತಲೆಯಿಂದ ಕಾಲಿನವರೆಗೆ ಕರ್ರಗೆ. ಗೌರಿ ಅವನ ಮುಖ ಒರೆಸುತ್ತ ಸಣ್ಣ ಮಗುವಿನ ಹಾಗೆ ಅಳುತ್ತಿದ್ದಳು.

ಗುಡಾರದೊಳಗೆ

ಬಿಸಿನೀರು, ಕಂಬಳಿ, ಒಯುನ್‌ಳ ಮನೆಯ ಗಂಡಸರ ಉದ್ದನೆಯ ನಿಲುವಂಗಿ. ಅದನ್ನು ತೊಟ್ಟು ಒಲೆಯ ಮುಂದೆ ಕೂತ ಅಣ್ಣ ನಡುಗುತ್ತಿದ್ದ. ಬಾತುಗಳು ಸಂಜೆಯವರೆಗೂ ನಡುನೀರು ಬಿಡಲಿಲ್ಲ, ಮರುದಿನವೂ ಬಿಡಲಿಲ್ಲ. ತಂಡದ ಹಿರಿಯ ಬಲೆ ಬಿಚ್ಚಿಸಿದ.

ಆಮೇಲೆ ಅವನು ಒಳಗೆ ಬಂದು ಅಣ್ಣನ ಎರಡೂ ಕೈ ಹಿಡಿದು ಬಹಳ ಹೊತ್ತು ಮಾತಾಡಿದ. ಸಾಯುವ ಹೊತ್ತಿನಲ್ಲೂ ಹಕ್ಕಿಗಳು ಬೆದರಬಾರದೆಂದು ತುಟಿ ಪಿಟಕ್ಕೆನ್ನದ ಮನುಷ್ಯನನ್ನು ತಾನು ಕಂಡಿರಲಿಲ್ಲ ಎಂದನಂತೆ. ಗೌರಿ ಅದನ್ನು ಕನ್ನಡಕ್ಕೆ ತಿರುಗಿಸುವಾಗ ಅವಳ ಮುಖ ನೋಡಬೇಕಿತ್ತು. ಅಪ್ಪನ ಪಕ್ಕ ಒತ್ತಿ ಕೂತು ಅವನ ತೋಳು ಹಿಡಿದುಕೊಂಡಳು. ಇಬ್ಬರೂ ಹಾಗೆ ಕೂತದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಅಣ್ಣ ತಲೆ ತಗ್ಗಿಸಿ ಬಟ್ಟಲು ನೋಡುತ್ತಿದ್ದ.

ನನ್ನ ಕೈ ಯಾರೂ ಹಿಡಿಯಲಿಲ್ಲ. ಹೊರಗೆ ಪಾತ್ರೆ ತೊಳೆಯುತ್ತಿದ್ದಾಗ ಗೌರಿ ಬಂದು ನಿಂತಳು.

"ಅಪ್ಪನೇ ತಡಕೊಂಡಿದ್ದ. ನೀ ಇನ್ನೊಂದೀಟು ತಡೀಬೇಕಿತ್ತು, ಅತ್ತಿ."

ನನಗೆ ಮೈಯೆಲ್ಲ ಉರಿಯಿತು. ಇನ್ನೊಂದಿಷ್ಟು ತಡೆದಿದ್ದರೆ ಊರಿಗೆ ಅವನ ಹೆಣವೂ ಹೋಗುತ್ತಿರಲಿಲ್ಲ ಎನ್ನಬೇಕೆಂದಿದ್ದೆ. ಬಲೆ ಕಳೆದುಕೊಂಡ ಹುಡುಗಿ, ನಾಳೆ ಏನು ಕೆಲಸ ಎಂದು ಗೊತ್ತಿಲ್ಲದವಳು. ನುಂಗಿಕೊಂಡೆ. ಆದರೆ ಅಣ್ಣ ನನ್ನ ಪರವಾಗಿ ಒಂದು ಮಾತು ಆಡಲಿಲ್ಲವಲ್ಲ ಎಂಬುದು ಮಾತ್ರ ಗಂಟಲಿನಿಂದ ಇಳಿಯಲಿಲ್ಲ. ಮುಂದಿನ ಎರಡು ದಿನ ಅವನ ಜೊತೆ ನಾನು ಮಾತು ಬಿಟ್ಟೆ. ಅವನೂ ನನ್ನನ್ನು ಮಾತಾಡಿಸಲಿಲ್ಲ.

ಹೊರಡುವ ಮುಂಜಾನೆ

ವ್ಯಾನು ಸಿದ್ಧವಾಗಿತ್ತು. ಸುದ್ದಿ ತಿಳಿದು ಸುತ್ತಲಿನ ಗುಡಾರಗಳವರು ಹಿಂದೂಸ್ತಾನದ ಮನುಷ್ಯನನ್ನು ನೋಡಲು ಬಂದಿದ್ದರು. ಒಯುನ್ ಎಲ್ಲರಿಗೂ ಚಹಾ ಹಾಕುತ್ತಿದ್ದಳು. ತಂಡದ ಹಿರಿಯ ಅವರ ಮುಂದೆ ಮತ್ತೆ ಅದೇ ಕಥೆ ಶುರುಮಾಡಿದ. ಮಾತು ತಿಳಿಯದಿದ್ದರೂ ತುಟಿಯ ಮೇಲೆ ಅವನಿಟ್ಟ ಬೆರಳಿನಿಂದ ನನಗೆ ಗೊತ್ತಾಯಿತು. ನಾನು ಎದ್ದು ಹೊರಗೆ ಹೊರಟೆ.

"ಕುಂಡ್ರು ತಂಗೆವ್ವ," ಎಂದ ಅಣ್ಣ. ಬಟ್ಟಲು ಕೆಳಗಿಟ್ಟ. "ಗೌರಿ, ನಾ ಹೇಳೂದನ್ನ ಇವ್ರಿಗೆ ಹೇಳು. ನಾ ಸುಮ್ಮನ ಇರಲಿಲ್ಲ. ಬಾಯಿ ತಗದಿದ್ದೆ. ದನಿ ಬರಲಿಲ್ಲ. ಅಂಜಿಕಿಗೆ ಗಂಟಲಾ ಕಟ್ಟಿತ್ತು. ಹಕ್ಕಿ ನೆನಪಿರಲಿಲ್ಲ, ನೀನೂ ನೆನಪಿರಲಿಲ್ಲ. ನಿಮ್ಮತ್ತಿ ಒದರಿದ್ದಕ್ಕ ಉಳದೀನಿ."

ಗೌರಿ ಅವನ ತೋಳು ಬಿಟ್ಟಳು. ಇದನ್ನು ಹೇಳಲೇಬೇಕೇ ಎಂದು ಕೇಳಿದಳು. ಹೇಳು ಎಂದ. ಅವಳ ಮುಖ ನೋಡಲಾರದೆ ನಾನು ನೆಲ ನೋಡಿದೆ. ನಾಲ್ಕು ಮಾತಿನಲ್ಲಿ ಹೇಳಿದಳು. ಹಿರಿಯನ ಬೆರಳು ತುಟಿಯಿಂದ ಇಳಿಯಿತು, ಯಾರೂ ನಗಲಿಲ್ಲ. ಚಹಾ ಹಾಕುತ್ತಿದ್ದ ಒಯುನ್ ಮಾತ್ರ ಸೌಟು ಹಿಡಿದಲ್ಲೇ ನಿಂತಳು. ಗೌರಿಯನ್ನು ಏನೋ ಕೇಳಿದಳು. ಗೌರಿ ತಿರುಗಿ ಅದನ್ನೇ ಹೇಳಿದಳು. ಆಗ ಒಯುನ್ ಬಹಳ ಮಾತಾಡಿದಳು, ನಾವು ಬಂದಾಗಿನಿಂದ ಒಟ್ಟು ಆಡಿದ್ದಕ್ಕಿಂತ ಹೆಚ್ಚು.

"ಆಕಿ ಗಂಡ ಅಲ್ಲೇ ಸತ್ತಾನಂತ," ಎಂದಳು ಗೌರಿ ತಗ್ಗಿದ ದನಿಯಲ್ಲಿ. "ಅದ ರಾಡ್ಯಾಗ. ಗುಡಾರ ಕೂಗಳತ್ಯಾಗ ಇತ್ತಂತ. ಈಕಿ ಒಳಗ ಅಡಗಿ ಮಾಡಾಕತ್ತಿದ್ಲಂತ. ಒಮ್ಮೆ ಒದರಿದ್ರ ಓಡಿ ಹೋಗತಿದ್ದೆ, ಯಾಕ ಒದರಲಿಲ್ಲ ಅಂತ ಇಷ್ಟ ವರ್ಷ ಅಂವನ ಮ್ಯಾಲ ಸಿಟ್ಟಿತ್ತಂತ ಆಕಿಗೆ."

ಒಯುನ್ ಬಂದು ಅಣ್ಣನ ಎದುರು ನೆಲದ ಮೇಲೆ ಕೂತಳು. ಅವನ ಗಂಟಲಿಗೆ ಬೆರಳು ತೋರಿಸಿ ಮತ್ತೆ ಕೇಳಿದಳು.

"ಖರೇನ ದನಿ ಬರೂದಿಲ್ಲೇನು ಅಂತ ಕೇಳಾಕತ್ತಾಳ, ಅಪ್ಪಾ."

ಅಣ್ಣ ಒಯುನ್‌ಳನ್ನೇ ನೋಡುತ್ತ ಕನ್ನಡದಲ್ಲೇ ಹೇಳಿದ.

"ಬರೂದಿಲ್ಲ, ಯವ್ವಾ. ಎಷ್ಟ ಬಾಯಿ ತಗದ್ರೂ ಬರೂದಿಲ್ಲ."

ಗೌರಿ ಅದನ್ನು ಹೇಳಿದಳು. ಹೊರಗೆ ಚಾಲಕ ಹಾರ್ನು ಬಾರಿಸಿದ, ಮತ್ತೊಮ್ಮೆ ಬಾರಿಸಿದ. ಒಯುನ್ ಅಣ್ಣನ ಮೈಮೇಲಿದ್ದ ನಿಲುವಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಅಳುತ್ತಿದ್ದಳು. ನಮ್ಮಲ್ಲಿ ಒಬ್ಬರೂ ಏಳಲಿಲ್ಲ.